ಶ್ವಾಸಕೋಶ ಚೆನ್ನಾಗಿದೆ, ಆದರೂ ಉಸಿರು ಸಾಲುತ್ತಿಲ್ಲ



ನಮ್ಮ ರಾಜ್ಯದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ದೈಹಿಕ ಪರೀಕ್ಷೆ ಕೊಟ್ಟು ಬಂದ ಹುಡುಗರನ್ನು ಕೇಳಿ ನೋಡಿ. ಮೈದಾನದಲ್ಲಿ ಎದೆಗೆ ಟೇಪು ಸುತ್ತಿದ ಕ್ಷಣ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಸುತ್ತಳತೆ 86 ಸೆಂಟಿಮೀಟರ್ ಇದ್ದರೆ ಮುಗಿಯಲಿಲ್ಲ. ಪೂರ್ತಿ ಉಸಿರು ಎಳೆದಾಗ ಎದೆ ಇನ್ನೂ 5 ಸೆಂಟಿಮೀಟರ್ ಹಿಗ್ಗಬೇಕು. ತಿಂಗಳುಗಟ್ಟಲೆ ಓಡಿ, ಉದ್ದ ಜಿಗಿದು ತಯಾರಾದವರೂ ಈ 5 ಸೆಂಟಿಮೀಟರಿನ ಹತ್ತಿರ ಮುಖ ಕೆಂಪು ಮಾಡಿಕೊಂಡು ನಿಲ್ಲುತ್ತಾರೆ. ಆ ಟೇಪು ಅಳೆಯುವುದು ಶ್ವಾಸಕೋಶವನ್ನಲ್ಲ, ಅದರ ಸುತ್ತಲಿನ ಗೂಡನ್ನು. ಗೂಡು ಎಷ್ಟು ಸಲೀಸಾಗಿ ಹಿಗ್ಗುತ್ತದೆ ಅನ್ನುವುದನ್ನು.

ಇವತ್ತಿನ ನನ್ನ ಮಾತು ಈ ಗೂಡಿನ ಬಗ್ಗೆ, ಅದನ್ನು ಎಳೆಯುವ ಸ್ನಾಯುಗಳ ಬಗ್ಗೆ, ಆ ಸ್ನಾಯುಗಳಿಗೆ ಅಪ್ಪಣೆ ಹೊತ್ತು ತರುವ ನರಗಳ ಬಗ್ಗೆ. ಉಸಿರಾಟದ ತೊಂದರೆ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಅಸ್ತಮಾ, ಕ್ಷಯ, ನ್ಯುಮೋನಿಯಾ, ಬೀಡಿ ಸೇದಿ ಹಾಳಾದ ಶ್ವಾಸಕೋಶ. ವೈದ್ಯರಾದ ನಾವೂ ಮೊದಲು ಎದೆಗೆ ಸ್ಟೆತೊಸ್ಕೋಪ್ ಇಡುತ್ತೇವೆ, ಎಕ್ಸ್‌ರೇ ಬರೆದುಕೊಡುತ್ತೇವೆ. ಎಕ್ಸ್‌ರೇ ಚೆನ್ನಾಗಿ ಬಂತೋ, "ಏನಿಲ್ಲ ಬಿಡಿ, ಗ್ಯಾಸ್ಟ್ರಿಕ್ ಇರಬೇಕು, ಸ್ವಲ್ಪ ಟೆನ್ಷನ್ ಇರಬೇಕು" ಅಂದು ಮಾತ್ರೆ ಕೊಟ್ಟು ಕಳಿಸುವುದುಂಟು. ಹಾಗೆ ಹೋದವರಲ್ಲಿ ಕೆಲವರ ಶ್ವಾಸಕೋಶ ನಿಜಕ್ಕೂ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಅದರ ಆಚೆ.

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಎದೆಗೂಡಿನಿಂದ ಬಿಡಿಸಿ ಹೊರಗಿಟ್ಟರೆ ಅದು ಕುಗ್ಗಿಕೊಳ್ಳುತ್ತದೆ. ಕಮ್ಮಾರನ ತಿದಿಯ ಚರ್ಮದ ಚೀಲ ಎಷ್ಟೇ ಗಟ್ಟಿ ಇರಲಿ, ಹಿಡಿ ಎತ್ತುವ ಕೈ ಇಲ್ಲದಿದ್ದರೆ ಗಾಳಿ ಒಳಗೆ ಬರುವುದಿಲ್ಲ ತಾನೆ? ಹಾಗೆ. ನಮ್ಮೊಳಗೆ ಆ ಕೆಲಸದ ದೊಡ್ಡ ಪಾಲು ವಪೆಯದು. ಎದೆ ಮತ್ತು ಹೊಟ್ಟೆಯ ನಡುವೆ ಗುಮ್ಮಟದ ಆಕಾರದಲ್ಲಿ ಹರಡಿಕೊಂಡಿರುವ ತೆಳ್ಳನೆಯ ಸ್ನಾಯು ಅದು. ನೀವು ಸುಮ್ಮನೆ ಕೂತು ರೇಡಿಯೋ ಕೇಳುತ್ತಿರುವ ಈ ಹೊತ್ತಿನಲ್ಲಿ ಅದು ಪ್ರತಿ ಸಲವೂ ಒಂದೆರಡು ಸೆಂಟಿಮೀಟರ್ ಕೆಳಗಿಳಿದು ಸುಮಾರು ಅರ್ಧ ಲೀಟರ್ ಗಾಳಿಯನ್ನು ಒಳಗೆಳೆಯುತ್ತಿದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಜೊತೆಗೂಡುತ್ತವೆ. ನಿಮಿಷಕ್ಕೆ 12ರಿಂದ 16 ಸಲ, ದಿನಕ್ಕೆ ಸುಮಾರು 20 ಸಾವಿರ ಸಲ. ವಪೆಗೆ ಹೋಗುವ ನರ ಹುಟ್ಟುವುದು ಹೊಟ್ಟೆಯ ಹತ್ತಿರವಲ್ಲ, ಮೇಲೆ ಕುತ್ತಿಗೆಯಲ್ಲಿ, ಬೆನ್ನುಹುರಿಯ ಮೂರನೆಯ, ನಾಲ್ಕನೆಯ, ಐದನೆಯ ಭಾಗಗಳಿಂದ. ಮರದಿಂದ ಬಿದ್ದು ಕುತ್ತಿಗೆ ಮುರಿದವರಲ್ಲಿ ಏಟು ಈ ಜಾಗಕ್ಕಿಂತ ಮೇಲೆ ಬಿದ್ದಿದ್ದರೆ ಅಲ್ಲೇ ಉಸಿರು ನಿಲ್ಲುತ್ತದೆ. ಕೆಳಗೆ ಬಿದ್ದಿದ್ದರೆ ಕೈಕಾಲು ಹೋದರೂ ವಪೆ ಉಳಿಯುತ್ತದೆ, ಮನುಷ್ಯ ಉಸಿರಾಡುತ್ತಾನೆ.

ಒಬ್ಬ ಮನುಷ್ಯ ಗರಿಷ್ಠ ಎಷ್ಟು ಗಾಳಿಯನ್ನು ಎಳೆದು ಬಿಡಬಲ್ಲ ಅನ್ನುವುದನ್ನು ಅಳೆಯಲು ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಎಂಬ ಶಸ್ತ್ರವೈದ್ಯ 1846ರಲ್ಲಿ ಸ್ಪೈರೋಮೀಟರ್ ಯಂತ್ರವನ್ನು ಜಗತ್ತಿನ ಮುಂದಿಟ್ಟ. ಸೈನಿಕರು, ಪೊಲೀಸರು, ಕುಸ್ತಿಪಟುಗಳು ಅಂತ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿದ. ಇವತ್ತಿಗೂ ನಾವು ಆಸ್ಪತ್ರೆಯಲ್ಲಿ "ಜೋರಾಗಿ ಊದಿ, ಊದಿ, ಇನ್ನೂ ಊದಿ" ಅಂತ ಕೂಗುವುದು ಆ ಯಂತ್ರದ ಮರಿಮಕ್ಕಳ ಮುಂದೆಯೇ. ಅಸ್ತಮಾದಲ್ಲಿ ಗಾಳಿ ಹೊರಬರಲು ತಡವಾಗುತ್ತದೆ. ನಾನು ಇವತ್ತು ಹೇಳುವ ತೊಂದರೆಗಳಲ್ಲಿ ಗಾಳಿ ಸಲೀಸಾಗಿಯೇ ಹೊರಬರುತ್ತದೆ, ಆದರೆ ಬರುವುದೇ ಸ್ವಲ್ಪ. ಒಳಗೆ ಹೋಗಿದ್ದೇ ಸ್ವಲ್ಪ.

ಮೊದಲು ಗೂಡಿನಿಂದ ಶುರು ಮಾಡೋಣ. ಪಾವಗಡ, ಮುಂಡರಗಿ, ಕೋಲಾರದ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯ ಗೊತ್ತಿಲ್ಲದವರಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಹಲ್ಲಿನ ಕಂದು ಕಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೊಣಕಾಲು ನೋವು, ಬಗ್ಗಿದ ಬೆನ್ನು ಕೂಡ. ಅಷ್ಟಾಗಿ ಯಾರೂ ಗಮನಿಸದೆ ಹೋಗುವುದು ಪಕ್ಕೆಲುಬು. ಪ್ರತಿ ಪಕ್ಕೆಲುಬೂ ಹಿಂದೆ ಬೆನ್ನುಮೂಳೆಗೆ ಸಣ್ಣ ಕೀಲುಗಳಿಂದ ಸೇರಿಕೊಂಡಿದೆ. ಉಸಿರು ಎಳೆದಾಗ ಆ ಕೀಲಿನಲ್ಲೇ ಅದು ಮೇಲೇಳುವುದು. ದಶಕಗಟ್ಟಲೆ ಫ್ಲೋರೈಡ್ ನೀರು ಕುಡಿದವರಲ್ಲಿ ಈ ಕೀಲುಗಳ ಸುತ್ತ ಸುಣ್ಣ ಕಟ್ಟಿ, ಮೂಳೆಗೆ ಮೂಳೆ ಅಂಟಿ, ಇಡೀ ಗೂಡು ಬಿಗಿದುಕೊಳ್ಳುತ್ತದೆ. ಭಾರತದಲ್ಲಿ ಇದನ್ನು ಮೊದಲು ವೈದ್ಯರು ಬರೆದಿಟ್ಟಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ಅಂಥವರ ಅಂಗಿ ಬಿಚ್ಚಿಸಿ ಕೂರಿಸಿ ನೋಡಿದರೆ ಎದೆ ಅಲ್ಲಾಡುವುದೇ ಇಲ್ಲ, ಹೊಟ್ಟೆ ಮಾತ್ರ ಮೇಲೆ ಕೆಳಗೆ ಆಡುತ್ತಿರುತ್ತದೆ. ಇಡೀ ಉಸಿರಾಟ ವಪೆಯೊಂದರ ತಲೆಯ ಮೇಲೆ. "ಮುದ್ದೆ ಉಂಡು ಎದ್ದರೆ ಸಾಕು, ಸ್ವಾಮಿ, ಏದುಸಿರು ಬರುತ್ತೆ" ಅಂತ ಅವರು ಹೇಳಿದರೆ ಅದು ಅಜೀರ್ಣದ ಮಾತಲ್ಲ. ಹೊಟ್ಟೆ ತುಂಬಿದಾಗ ವಪೆಗೆ ಇಳಿಯಲು ಜಾಗವಿಲ್ಲ, ಮೇಲೆ ಪಕ್ಕೆಲುಬುಗಳ ಸಹಾಯವೂ ಇಲ್ಲ. ಇದಕ್ಕೆ ಮದ್ದು ಔಷಧಿ ಅಂಗಡಿಯಲ್ಲಿಲ್ಲ. ಹುಟ್ಟುವ ಮಕ್ಕಳಿಗಾದರೂ ಬೇರೆ ನೀರು ಬೇಕು. ಶುದ್ಧ ನೀರಿನ ಘಟಕ ಕೆಟ್ಟು ಬೀಗ ಹಾಕಿಕೊಂಡು ನಿಂತಿರುವುದನ್ನು ನೋಡಿದಾಗ ನನಗೆ ಹಲ್ಲಿಗಿಂತ ಮೊದಲು ನೆನಪಾಗುವುದು ಈ ಅಲ್ಲಾಡದ ಎದೆ.

ಇನ್ನೊಂದು ಬೆನ್ನಿನ ಕಾಯಿಲೆ ಯುವಕರದ್ದು, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆಳಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ. ಇದರಲ್ಲಿ ಎದೆ ಹಿಗ್ಗುವುದು ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ರೋಗ ಪಕ್ಕೆಲುಬಿಗೂ ಬಂದಿದೆ ಅಂತ ಲೆಕ್ಕ. ಸಮಾಧಾನದ ಸಂಗತಿ ಎಂದರೆ ವಪೆ ಗಟ್ಟಿಯಾಗಿರುವ ತನಕ ಇವರಿಗೆ ದೊಡ್ಡ ಉಸಿರಿನ ತೊಂದರೆ ಅಪರೂಪ. ದಿನಾ ಆಳವಾಗಿ ಉಸಿರೆಳೆಯುವ ವ್ಯಾಯಾಮ, ಈಜು, ಬೀಡಿ ಸಿಗರೇಟಿಗೆ ವಿದಾಯ, ಇಷ್ಟನ್ನು ಪಾಲಿಸಿದರೆ ಬಹಳ ಕಾಲ ಚೆನ್ನಾಗಿರುತ್ತಾರೆ.

ಬೆನ್ನುಮೂಳೆ ಪಕ್ಕಕ್ಕೆ ಸೊಟ್ಟಗಾಗುವ ಸ್ಕೋಲಿಯೋಸಿಸ್ ಬಗ್ಗೆ ತಾಯಂದಿರಿಗೆ ಒಂದು ಮಾತು ಹೇಳಬೇಕು. ಹೆಣ್ಣುಮಕ್ಕಳು ಹತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಸರಸರ ಎತ್ತರವಾಗುತ್ತಾರಲ್ಲ, ಆಗ ಇದು ಹೆಚ್ಚಾಗುವ ಕಾಲ. ನೋವು ಇರುವುದಿಲ್ಲ, ಹಾಗಾಗಿ ಮಗು ಹೇಳುವುದಿಲ್ಲ. ಎಷ್ಟೋ ಸಲ ಮೊದಲು ಕಂಡುಹಿಡಿಯುವವನು ಯೂನಿಫಾರ್ಮ್ ಹೊಲಿಯುವ ದರ್ಜಿ: "ಅಕ್ಕಾ, ನಿಮ್ಮ ಮಗೂದು ಒಂದು ಭುಜ ಕೆಳಗಿದೆ, ಅಂಗಿ ಒಂದು ಕಡೆ ಇಳಿಯುತ್ತೆ." ಆ ಮಾತನ್ನು ಹಗುರಾಗಿ ತಗೋಬೇಡಿ. ಮಗಳನ್ನು ನಿಲ್ಲಿಸಿ, ಎರಡೂ ಅಂಗೈ ಜೋಡಿಸಿ ಮುಂದಕ್ಕೆ ಬಾಗಲು ಹೇಳಿ, ಹಿಂದಿನಿಂದ ಬೆನ್ನನ್ನು ನೋಡಿ. ಒಂದು ಕಡೆಯ ಪಕ್ಕೆಲುಬು ಗುಡ್ಡೆಯಾಗಿ ಎದ್ದು ಕಂಡರೆ ಮೂಳೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸ್ಕೂಲ್ ಬ್ಯಾಗಿನ ಭಾರದಿಂದ ಹೀಗಾಯಿತು ಅಂತ ಅವಳನ್ನು ಬೈಯಬೇಡಿ, ಅದು ಕಾರಣವಲ್ಲ. ಬಹುಪಾಲು ಮಕ್ಕಳಲ್ಲಿ ಬಾಗು ಸಣ್ಣದು, ಉಸಿರಿಗೆ ಏನೂ ಆಗುವುದಿಲ್ಲ. ಬಾಗು ನೂರು ಡಿಗ್ರಿ ದಾಟಿದವರಲ್ಲಿ, ಐದು ವರ್ಷದೊಳಗೆ ಶುರುವಾದವರಲ್ಲಿ ಮಾತು ಬೇರೆ. ಎಳೆಯ ವಯಸ್ಸಿನಲ್ಲಿ ಶ್ವಾಸಕೋಶದ ಗಾಳಿಗೂಡುಗಳು ಇನ್ನೂ ಹುಟ್ಟಿ ಹೆಚ್ಚುತ್ತಿರುತ್ತವೆ. ಗೂಡು ಸೊಟ್ಟಗಾದರೆ ಅವು ಬೆಳೆಯಲು ಜಾಗವೇ ಇರುವುದಿಲ್ಲ. ಇಂಥವರು ನಲವತ್ತು ಐವತ್ತರ ವಯಸ್ಸಿಗೆ ಕಾಲು ಊದಿಕೊಂಡು, ಹಗಲಲ್ಲೇ ತೂಕಡಿಸುತ್ತಾ ಬರುತ್ತಾರೆ. "ಹುಟ್ಟಿದಾಗಿನಿಂದ ಗೂನು ಇದೆ, ಇದೇನು ಹೊಸದಾ?" ಅಂತ ಮನೆಯವರೇ ಕೇಳುತ್ತಾರೆ. ಗೂನು ಹಳೆಯದೇ, ಅದನ್ನು ಹೊತ್ತ ಸ್ನಾಯುಗಳು ದಣಿದದ್ದು ಹೊಸದು.

ಗಟ್ಟಿಯಾದ ಗೂಡಿನ ಮಾತು ಬಂದಾಗ ಜನಜಂಗುಳಿಯ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ದಕ್ಷಿಣ ಕೊರಿಯಾದ ಸಿಯೋಲ್ ನಗರದ ಇಟೆವಾನ್ ಓಣಿಯಲ್ಲಿ 2022ರ ಅಕ್ಟೋಬರ್ 29ರ ರಾತ್ರಿಯ ನೂಕುನುಗ್ಗಲು 159 ಮಂದಿಯನ್ನು ಬಲಿ ತೆಗೆದುಕೊಂಡಿತು. ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿಯನ್ನು ಕಳೆದುಕೊಂಡೆವು. ಇಂಥ ಸಾವುಗಳನ್ನು ಕೇಳಿದಾಗ ಕಾಲಡಿ ಸಿಕ್ಕಿ ಸತ್ತರು ಅಂದುಕೊಳ್ಳುತ್ತೇವೆ. ಜನದೊತ್ತಡದ ದುರಂತಗಳಲ್ಲಿ ಬಹಳಷ್ಟು ಮಂದಿ ಸಾಯುವುದು ನಿಂತಲ್ಲೇ. ಮೂಗು ಬಾಯಿ ತೆರೆದೇ ಇರುತ್ತದೆ, ಗಾಳಿ ಇರುತ್ತದೆ, ಎದೆ ಹಿಗ್ಗಲು ನಾಲ್ಕು ಬೆರಳು ಜಾಗ ಇರುವುದಿಲ್ಲ. ಜಾತ್ರೆ, ರಥೋತ್ಸವ, ವಿಜಯೋತ್ಸವ ಎಲ್ಲೇ ಆಗಲಿ, ಕೈಗಳು ಕೆಳಗೆ ಸಿಕ್ಕಿಹಾಕಿಕೊಳ್ಳುವ ಮೊದಲೇ ಮೇಲೆತ್ತಿ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದುಕೊಳ್ಳಿ. ಕೂಗಿ ಉಸಿರು ಕಳೆಯಬೇಡಿ. ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಳ್ಳಿ.

ಶ್ವಾಸಕೋಶಕ್ಕೂ ಪಕ್ಕೆಲುಬಿಗೂ ನಡುವಿನ ಪೊರೆಯಲ್ಲಿ ನೀರು ತುಂಬುವುದನ್ನು ನೀವೆಲ್ಲ ಕೇಳಿದ್ದೀರಿ. ನಮ್ಮಲ್ಲಿ ಅದಕ್ಕೆ ದೊಡ್ಡ ಕಾರಣ ಕ್ಷಯ. ಸೂಜಿಯಿಂದ ತೆಗೆದಾಗ ಸಾಮಾನ್ಯವಾಗಿ ಒಣಹುಲ್ಲಿನ ಬಣ್ಣದ ನೀರು ಬರುತ್ತದೆ. ನೀರು ತೆಗೆಸಿಕೊಂಡು ಹಗುರಾಯಿತು ಅಂತ ಆರು ತಿಂಗಳ ಮಾತ್ರೆಯನ್ನು ನಡುವೆ ಬಿಡಬೇಡಿ. ಬಿಟ್ಟರೆ ಆ ಪೊರೆ ದಪ್ಪವಾಗಿ ಗಟ್ಟಿಕಟ್ಟಿ ಶ್ವಾಸಕೋಶವನ್ನು ಬಿಗಿದು ಹಿಡಿಯುತ್ತದೆ. ಬಸುರಿಯರಿಗೆ ಬರುವ ಏದುಸಿರು ಬೇರೆ ಬಗೆ. ಗರ್ಭ ವಪೆಯನ್ನು ನಾಲ್ಕು ಸೆಂಟಿಮೀಟರಿನಷ್ಟು ಮೇಲೆ ದೂಡುತ್ತದೆ, ಆದರೆ ಅದಕ್ಕೆ ಪ್ರತಿಯಾಗಿ ಪಕ್ಕೆಲುಬುಗಳು ಅಗಲವಾಗುತ್ತವೆ. ದೇಹ ಮಾಡಿಕೊಂಡ ಈ ಏರ್ಪಾಟು ಚೆನ್ನಾಗಿದೆ. ರಕ್ತಹೀನತೆ, ಬಿಪಿ, ಹೃದಯದ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡರೆ ಹೆದರಬೇಕಾಗಿಲ್ಲ.

ಬೊಜ್ಜಿನ ವಿಷಯಕ್ಕೆ ದೇಹ ಅಂಥ ಏರ್ಪಾಟನ್ನು ಮಾಡಿಕೊಂಡಿಲ್ಲ. ಅಮೆರಿಕದ ಬಾಸ್ಟನ್ನಿನ ಸಿಡ್ನಿ ಬರ್ವೆಲ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು 1956ರಲ್ಲಿ ಒಬ್ಬ ರೋಗಿಯ ಕಥೆ ಬರೆದರು. ಐವತ್ತು ದಾಟಿದ ವ್ಯಾಪಾರಸ್ಥ, ತೂಕ ಸುಮಾರು 120 ಕೆಜಿ. ವಾರಕ್ಕೊಮ್ಮೆ ಪೋಕರ್ ಇಸ್ಪೀಟಾಡುವ ಚಟ. ಒಂದು ರಾತ್ರಿ ಆತನ ಕೈಗೆ ಮೂರು ಎಕ್ಕಾ, ಎರಡು ರಾಜ ಒಟ್ಟಿಗೆ ಬಂದವು. ಆ ಆಟ ಬಲ್ಲವರಿಗೆ ಗೊತ್ತು, ಅಂಥ ಎಲೆ ಬಂದವನಿಗೆ ಕಣ್ಣು ಪಿಳುಕಿಸಲೂ ಮನಸ್ಸಾಗುವುದಿಲ್ಲ. ಈ ಮನುಷ್ಯ ಎಲೆ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದ. ಆಮೇಲೆ ಆಸ್ಪತ್ರೆಗೆ ಬಂದ. ಎದೆಯ ಮೇಲೂ ಹೊಟ್ಟೆಯ ಮೇಲೂ ಕೂತ ಕೊಬ್ಬನ್ನು ಎತ್ತಿ ಎತ್ತಿ ಉಸಿರಾಟ ಸೋತಿತ್ತು, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಸೇರಿಕೊಂಡು ಮಂಪರು ಕವಿದಿತ್ತು. ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿದ ಮೇಲೆ ಆ ನಿದ್ದೆ ಬಿಟ್ಟುಹೋಯಿತು. ಮಧ್ಯಾಹ್ನ ಅಂಗಡಿಯ ಗಲ್ಲಾ ಮುಂದೆ ಗೊರಕೆ ಹೊಡೆಯುವ ದಪ್ಪ ಮನುಷ್ಯನನ್ನು ನೋಡಿ ನಾವು ನಗುತ್ತೇವೆ. ನಗುವ ಬದಲು ಅವನ ಹೆಂಡತಿಯನ್ನು ಕೇಳಬೇಕು: ರಾತ್ರಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ, ಬೆಳಗ್ಗೆ ತಲೆನೋವು ಅನ್ನುತ್ತಾರೆಯೇ?

ಈ ಇಂಗಾಲದ ಡೈ ಆಕ್ಸೈಡ್ ಎಂಬ ಗಾಳಿಯನ್ನು ನೀವು ಇವತ್ತು ನೆನಪಿಟ್ಟುಕೊಳ್ಳಬೇಕು. ನನ್ನ ಮಾತಿನ ತಿರುಳೇ ಅದು. ಅದಕ್ಕೆ ನಿಮ್ಮನ್ನು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ, 1952ರ ಆಗಸ್ಟ್ ತಿಂಗಳಿಗೆ ಕರೆದುಕೊಂಡು ಹೋಗಬೇಕು.

ಆ ಬೇಸಿಗೆಯಲ್ಲಿ ಅಲ್ಲಿ ಪೋಲಿಯೋ ಭೀಕರವಾಗಿ ಎದ್ದಿತ್ತು. ಬ್ಲೆಗ್‌ಡಾಮ್ ಆಸ್ಪತ್ರೆಗೆ ದಿನಕ್ಕೆ ಐವತ್ತರವರೆಗೆ ರೋಗಿಗಳು ಬರುತ್ತಿದ್ದರು. ಹಲವರಿಗೆ ಉಸಿರಾಟದ ಸ್ನಾಯುಗಳೇ ಬಿದ್ದುಹೋಗಿದ್ದವು. ಅಮೆರಿಕದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ 1928ರಲ್ಲಿ ಮಾಡಿದ್ದ ಕಬ್ಬಿಣದ ಪೀಪಾಯಿಯಂಥ ಉಸಿರಿನ ಯಂತ್ರ ಆಸ್ಪತ್ರೆಯಲ್ಲಿದ್ದದ್ದು ಒಂದೇ ಒಂದು. ಎದೆಗೆ ಕಟ್ಟುವ ಸಣ್ಣ ಯಂತ್ರಗಳು ಆರು. ಆಗಸ್ಟಿನ ಮೊದಲ ಮೂರು ವಾರಗಳಲ್ಲಿ ಉಸಿರಾಟ ಕುಸಿದ 31 ಮಂದಿಯಲ್ಲಿ 27 ಮಂದಿ ಸತ್ತರು. ಮುಖ್ಯ ವೈದ್ಯ ಲಾಸೆನ್ ರಕ್ತ ಪರೀಕ್ಷೆ ಮಾಡಿಸಿದಾಗ ಬೈಕಾರ್ಬೊನೇಟ್ ಹೆಚ್ಚಾಗಿ ಕಂಡಿತು. ಯಾವುದೋ ಗೊತ್ತಿಲ್ಲದ ಕ್ಷಾರದೋಷ ಅಂದುಕೊಂಡರು. ಅರಿವಳಿಕೆ ತಜ್ಞ ಬ್ಯೋನ್ ಇಬ್ಸೆನ್ ಅವರನ್ನು ಸಲಹೆಗೆ ಕರೆದರು. ಇಬ್ಸೆನ್ ಸತ್ತವರ ಶವಪರೀಕ್ಷೆಯನ್ನು ನೋಡಿದರು, ಕಡತಗಳನ್ನು ನೋಡಿದರು. ಶ್ವಾಸಕೋಶಗಳು ಬಹುಪಾಲು ಚೆನ್ನಾಗಿಯೇ ಇದ್ದವು! ಸಾಯುವ ಮುನ್ನ ರೋಗಿಗಳು ಬೆವರುತ್ತಿದ್ದರು, ರಕ್ತದೊತ್ತಡ ಏರುತ್ತಿತ್ತು, ಮಂಪರು ಬರುತ್ತಿತ್ತು. ಅರಿವಳಿಕೆ ಕೊಡುವವರಿಗೆ ಇದು ದಿನದ ಪರಿಚಯ. ಇದು ಕ್ಷಾರದೋಷ ಅಲ್ಲವೇ ಅಲ್ಲ, ಇಂಗಾಲದ ಡೈ ಆಕ್ಸೈಡ್ ಹೊರಹೋಗದೆ ಕಟ್ಟಿಕೊಂಡಿದೆ, ಗಾಳಿ ಆಡಿಸಿದರೆ ಬದುಕುತ್ತಾರೆ ಅಂದರು.

ಆಗಸ್ಟ್ 27ರಂದು ಸಾಯುವ ಸ್ಥಿತಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ತೂತು ಮಾಡಿ ನಳಿಗೆ ಇಟ್ಟು, ರಬ್ಬರ್ ಚೀಲದಿಂದ ಕೈಯಲ್ಲಿ ಗಾಳಿ ಒತ್ತಲು ಹೋದರು. ಅವಳು ಒದ್ದಾಡಿದಳು, ಗಾಳಿ ಒಳಗೆ ಹೋಗಲೇ ಇಲ್ಲ. ನೋಡಲು ನೆರೆದಿದ್ದ ವೈದ್ಯರು ಆಸೆ ಬಿಟ್ಟು ಒಬ್ಬೊಬ್ಬರಾಗಿ ಹೊರಗೆ ಹೋದರು. ಇಬ್ಸೆನ್ ಅವಳಿಗೆ ನಿದ್ದೆಯ ಚುಚ್ಚುಮದ್ದು ಕೊಟ್ಟರು. ಒದ್ದಾಟ ನಿಂತಿತು, ಈಗ ಚೀಲ ಒತ್ತಿದರೆ ಎದೆ ಏಳತೊಡಗಿತು. ಬೆವರು ಆರಿತು, ಚರ್ಮ ಬೆಚ್ಚಗಾಯಿತು, ಇಂಗಾಲದ ಡೈ ಆಕ್ಸೈಡ್ ಇಳಿಯಿತು. ಪರೀಕ್ಷೆಗೆಂದು ಮತ್ತೆ ಎದೆಯ ಯಂತ್ರಕ್ಕೆ ಹಾಕಿದಾಗ ಅದು ಮತ್ತೆ ಏರಿತು. ವಾದ ಮುಗಿಯಿತು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಮಂಚದ ಪಕ್ಕ ಕೂತು, ಹಗಲೂ ರಾತ್ರಿ ಕೈಯಿಂದ ಚೀಲ ಒತ್ತಿದರು. ಒಂದು ಹಂತದಲ್ಲಿ ಏಕಕಾಲಕ್ಕೆ ಎಪ್ಪತ್ತರಷ್ಟು ರೋಗಿಗಳಿಗೆ. ನೂರಕ್ಕೆ 87 ಇದ್ದ ಸಾವು ಕೊನೆಗೆ 25ರ ಆಸುಪಾಸಿಗೆ ಇಳಿಯಿತು. ಜಗತ್ತಿನ ಎಲ್ಲ ಐಸಿಯುಗಳೂ ಹುಟ್ಟಿದ್ದು ಆ ವಾರ್ಡಿನಲ್ಲಿ ಅಂದರೆ ಹೆಚ್ಚಾಗಲಾರದು. ನಾಲ್ಕು ವರ್ಷದ ನಂತರ, 1956ರಲ್ಲಿ, ಅದೇ ಡೆನ್ಮಾರ್ಕಿನ ಹೆನಿಂಗ್ ರೂಬೆನ್ ಮತ್ತು ಹೋಲ್ಗರ್ ಹೆಸ್ಸೆ ಸಿಲಿಂಡರ್ ಇಲ್ಲದೆಯೂ ತಾನೇ ಉಬ್ಬಿಕೊಳ್ಳುವ ಚೀಲವನ್ನು ತಂದರು. ಅದೇ ನಮ್ಮ 108 ಆಂಬುಲೆನ್ಸಿನಲ್ಲಿ ನೇತಾಡುವ ಆಂಬು ಬ್ಯಾಗ್.

ಭಾರತದಲ್ಲಿ ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. ಪೋಲಿಯೋ ಹೋಯಿತು. ಅದೇ ರೀತಿ ಉಸಿರಿನ ಸ್ನಾಯುಗಳನ್ನು ಬೀಳಿಸುವ ಬೇರೆಯವು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ.

ಒಂದು, ಕಟ್ಟುಹಾವು. ಕೆಲವು ಕಡೆ ಕಡಂಬಳ ಅನ್ನುತ್ತಾರೆ. ಕಪ್ಪು ಮೈ, ತೆಳ್ಳನೆಯ ಬಿಳಿ ಪಟ್ಟೆ. ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಮನೆಯವರು ಓಮದ ಕಷಾಯ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಜೋತು ಬೀಳುತ್ತದೆ, ಎತ್ತಿದರೂ ನಿಲ್ಲುವುದಿಲ್ಲ. ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಆಮೇಲೆ ಕುತ್ತಿಗೆ. ಆಮೇಲೆ ಉಸಿರು. ಹಾವಿನ ಔಷಧಿ ಬೇಗ ಕೊಟ್ಟಷ್ಟೂ ಒಳ್ಳೆಯದು, ಆದರೆ ನರದ ತುದಿಗೆ ಆಗಲೇ ಆದ ಹಾನಿಯನ್ನು ಅದು ಹಿಂದಕ್ಕೆ ತರಲಾರದು. ನರದ ತುದಿ ತಾನಾಗಿ ಚಿಗುರುವ ತನಕ, ದಿನಗಳೋ ವಾರಗಳೋ, ಯಾರಾದರೂ ಉಸಿರಾಡಿಸಬೇಕು. ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಈ ರೋಗಿ ವೆಂಟಿಲೇಟರ್ ಮೇಲೆ ಕಣ್ಣು ಮುಚ್ಚಿ, ಬೆರಳೂ ಅಲ್ಲಾಡಿಸದೆ ಮಲಗಿರುತ್ತಾನೆ, ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆಯೂ ಸಂಕುಚಿಸದಿರಬಹುದು. ಮಿದುಳು ಸತ್ತಿದೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಅವನಿಗೆ ಕೇಳಿಸುತ್ತಿರುತ್ತದೆ. ಮಂಚದ ಪಕ್ಕ ನಿಂತು ಖರ್ಚಿನ ಲೆಕ್ಕ ಮಾತಾಡಬೇಡಿ, ಮಕ್ಕಳ ಸುದ್ದಿ ಹೇಳಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ, ಒಳ್ಳೆಯ ಕೆಲಸ. ಅದಕ್ಕಿಂತ ಅಗ್ಗದ ಉಪಾಯ ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆಪರದೆ.

ಎರಡು, ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ. ಔಷಧಿ ಕುಡಿದವರು ಮೊದಲ ದಿನದ ಗಂಡಾಂತರ ದಾಟಿ, ಎದ್ದು ಕೂತು, ಕಾಫಿ ಕುಡಿದು, ನೆಂಟರ ಜೊತೆ ಮಾತಾಡುತ್ತಾರೆ. ಒಂದರಿಂದ ನಾಲ್ಕು ದಿನದೊಳಗೆ ಇದ್ದಕ್ಕಿದ್ದ ಹಾಗೆ ಉಸಿರು ಕುಸಿಯಬಹುದು. ಶ್ರೀಲಂಕಾದ ಸೇನಾನಾಯಕೆ ಮತ್ತು ಕರಳಿಯದ್ದೆ ಎಂಬ ವೈದ್ಯರು 1987ರಲ್ಲಿ ಇದನ್ನು ಗುರುತಿಸಿ ಬರೆದರು. "ಚೆನ್ನಾಗಿದ್ದಾನೆ, ಮನೆಗೆ ಕರೆದುಕೊಂಡು ಹೋಗ್ತೀವಿ" ಅಂತ ಸಹಿ ಹಾಕಿ ಹೊರಡುವ ಮುನ್ನ ಒಂದು ಕೆಲಸ ಮಾಡಿ: ಅಂಗಾತ ಮಲಗಿಸಿ, ದಿಂಬಿನಿಂದ ತಲೆ ಎತ್ತಲು ಹೇಳಿ. ತಲೆ ಎತ್ತಲಾಗದವನನ್ನು ಆಸ್ಪತ್ರೆಯಿಂದ ಕದಲಿಸಬೇಡಿ. ಕುತ್ತಿಗೆ ಸೋತ ಮೇಲೆ ಹೆಚ್ಚಾಗಿ ವಪೆಯ ಸರದಿ.

ಮೂರು, ಗಿಲಾನ್ ಬಾರೆ ಎಂಬ ನರಗಳ ಕಾಯಿಲೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಇದು ಗುಂಪಾಗಿ ಕಾಣಿಸಿಕೊಂಡು ಪತ್ರಿಕೆಗಳಲ್ಲೆಲ್ಲ ಬಂತು. ಭೇದಿಯೋ ಜ್ವರವೋ ಬಂದು ಹೋದ ಒಂದೆರಡು ವಾರಕ್ಕೆ ಕಾಲಿನಿಂದ ಬಲ ಇಳಿಯುತ್ತಾ ಮೇಲಕ್ಕೆ ಬರುತ್ತದೆ. ನೂರರಲ್ಲಿ ಇಪ್ಪತ್ತರಿಂದ ಮೂವತ್ತು ಮಂದಿಗೆ ವೆಂಟಿಲೇಟರ್ ಬೇಕಾಗುತ್ತದೆ. ಬಹಳ ಮಂದಿ ಮತ್ತೆ ನಡೆಯುತ್ತಾರೆ, ಆ ನಡುವಿನ ವಾರಗಳನ್ನು ದಾಟಿಸಿದರೆ.

ಇಲ್ಲಿಗೆ ನಾನು ಆಕ್ಸಿಮೀಟರಿನ ಮಾತಿಗೆ ಬರುತ್ತೇನೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಒಂದೊಂದು ಕೊಂಡು ಮನೆಯಲ್ಲಿಟ್ಟುಕೊಂಡಿದ್ದೇವೆ. ಬೆರಳಿಗೆ ಸಿಕ್ಕಿಸಿದರೆ ಅಂಕಿ ತೋರಿಸುತ್ತದೆ, ಆ ಅಂಕಿಗೆ ನಾವು ಮಣೆ ಹಾಕಿದ್ದೇವೆ. ಕೈಕಾಲಿನ ಬಲ ಇಳಿದು ಬಂದ ಹೆಂಗಸೊಬ್ಬರನ್ನು ಐಸಿಯುಗೆ ಸೇರಿಸಿ ಅಂದಾಗ ಮಗ ಬೆರಳು ಎತ್ತಿ ತೋರಿಸಿದ: "ಸಾರ್, ತೊಂಬತ್ತೇಳು ಇದೆಯಲ್ಲ, ನಾರ್ಮಲ್ ತಾನೆ?" ನಾನು ಆ ತಾಯಿಗೆ, "ಅಮ್ಮಾ, ಪೂರ್ತಿ ಉಸಿರೆಳೆದು ಒಂದೇ ಉಸಿರಲ್ಲಿ ಎಣಿಸ್ತಾ ಹೋಗಿ" ಅಂದೆ. ಒಂಬತ್ತಕ್ಕೆ ನಿಂತರು. ಮಗ ಆಕ್ಸಿಮೀಟರ್ ಜೇಬಿಗೆ ಹಾಕಿಕೊಂಡ.

ಆ ಯಂತ್ರ ಸುಳ್ಳು ಹೇಳುತ್ತಿರಲಿಲ್ಲ. ಅದು ನೋಡುವುದು ಆಮ್ಲಜನಕವನ್ನು ಮಾತ್ರ. ಸ್ನಾಯು ಸೋಲುವ ಕಾಯಿಲೆಗಳಲ್ಲಿ ಆಮ್ಲಜನಕ ಇಳಿಯುವುದು ತಡವಾಗಿ, ಕೆಲವೊಮ್ಮೆ ಕೊನೆಯ ಗಳಿಗೆಯಲ್ಲಿ. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಬಿಟ್ಟರೆ ಅಂಕಿ ಇನ್ನೂ ಚೆಂದ ಕಾಣುತ್ತದೆ, ಒಳಗೆ ಇಂಗಾಲದ ಡೈ ಆಕ್ಸೈಡ್ ಏರುತ್ತಲೇ ಇರುತ್ತದೆ. ರೋಗಿ ಶಾಂತವಾಗಿ ನಿದ್ದೆ ಹೋದಂತೆ ಕಾಣುತ್ತಾನೆ. ಮನೆಯವರು ಪಾಪ, ಈಗ ಆರಾಮಾಯಿತು ಅಂದುಕೊಳ್ಳುತ್ತಾರೆ. ಇಂಥವರಿಗೆ ಬೇಕಾಗಿರುವುದು ಎದೆಯನ್ನು ಹಿಗ್ಗಿಸುವ ಬಲ. ಆಮ್ಲಜನಕ ಅದರ ಜೊತೆಗೆ ಬರಬೇಕೇ ಹೊರತು ಅದರ ಬದಲಿಗೆ ಅಲ್ಲ.

ಎಣಿಕೆಯ ಪರೀಕ್ಷೆಯನ್ನು ನೀವೂ ಮಾಡಬಹುದು. ಸೆಕೆಂಡಿಗೆ ಎರಡರ ವೇಗದಲ್ಲಿ ಎಣಿಸಿದರೆ ಆರೋಗ್ಯವಂತರು ಮೂವತ್ತನ್ನು ಸಲೀಸಾಗಿ ದಾಟುತ್ತಾರೆ. ಹದಿನೈದೂ ಮುಟ್ಟದಿದ್ದರೆ ತುರ್ತು. ನಿನ್ನೆ ಇಪ್ಪತ್ತೆಂಟು, ಇವತ್ತು ಬೆಳಗ್ಗೆ ಇಪ್ಪತ್ತು, ಸಂಜೆಗೆ ಹದಿಮೂರು ಅಂತ ಇಳಿಯುತ್ತಿದ್ದರೆ ಆ ಇಳಿತವೇ ದೊಡ್ಡ ಸುದ್ದಿ. ಜೊತೆಗೆ ಹೊಟ್ಟೆಯನ್ನು ನೋಡಿ. ಉಸಿರೆಳೆದಾಗ ಹೊಟ್ಟೆ ಉಬ್ಬಬೇಕು. ಒಳಗೆ ಹೋದರೆ ವಪೆ ಬಿದ್ದಿದೆ ಅಂತ ಅರ್ಥ. ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಕೂತರೆ ಸರಿಹೋಗುವುದು ಹೃದಯದ ಕಾಯಿಲೆಯಲ್ಲೂ ಉಂಟು. ಆದರೆ ಕೆರೆಯಲ್ಲೋ ಬಾವಿಯಲ್ಲೋ ಎದೆಮಟ್ಟದ ನೀರಿಗೆ ಇಳಿದ ಕೂಡಲೇ ದಮ್ಮು ಕಟ್ಟುತ್ತದೆ ಅಂತ ಯಾರಾದರೂ ಅಂದರೆ ವಪೆಯನ್ನು ಪರೀಕ್ಷಿಸಿ ಅಂತ ವೈದ್ಯರಿಗೆ ಹೇಳಿ. ನೀರಿನ ಒತ್ತಡ ಹೊಟ್ಟೆಯನ್ನು ಒಳಗೆ ದೂಡುತ್ತದೆ, ಬಲವಿಲ್ಲದ ವಪೆ ಅದನ್ನು ಎದುರಿಸಲಾರದು. ಊದುವ ಪರೀಕ್ಷೆಯನ್ನು ಕೂರಿಸಿ ಒಮ್ಮೆ, ಮಲಗಿಸಿ ಒಮ್ಮೆ ಮಾಡಿದರೆ ವ್ಯತ್ಯಾಸ ಅಂಕಿಯಲ್ಲೇ ಸಿಗುತ್ತದೆ.

ನಿಧಾನವಾಗಿ ಬಲ ಕಳೆಯುವ ಕಾಯಿಲೆಗಳೂ ಇವೆ. ಗಂಡುಮಕ್ಕಳಿಗೆ ಬರುವ ಡುಶೆನ್ ಸ್ನಾಯುಕ್ಷಯ, ದೊಡ್ಡವರ ಮೋಟರ್ ನ್ಯೂರಾನ್ ಕಾಯಿಲೆ. ಇವರಲ್ಲಿ ಉಸಿರು ಮೊದಲು ಸೋಲುವುದು ನಿದ್ದೆಯಲ್ಲಿ. ಕನಸು ಬೀಳುವ ನಿದ್ದೆಯ ಹೊತ್ತಿಗೆ ಮೈಯ ಉಳಿದ ಸ್ನಾಯುಗಳೆಲ್ಲ ಸಡಿಲಾಗಿ, ವಪೆ ಒಂದೇ ದುಡಿಯಬೇಕು. ಅದೂ ಸೋತರೆ ಬೆಳಗ್ಗೆ ತಲೆನೋವು, ಹಗಲೆಲ್ಲ ಮಂಕು, ಊಟ ಸೇರದು. ರಾತ್ರಿ ಮೂಗಿಗೆ ಮುಖವಾಡ ಕಟ್ಟಿ ಗಾಳಿ ಒತ್ತುವ ಬೈಪ್ಯಾಪ್ ಯಂತ್ರ ಇವರಿಗೆ ವರ್ಷಗಳನ್ನು ಕೊಟ್ಟಿದೆ. ಹದಿಹರೆಯದಲ್ಲೇ ಮುಗಿಯುತ್ತಿದ್ದ ಡುಶೆನ್ ಹುಡುಗರು ಈಗ ಮೂವತ್ತರ ಹತ್ತಿರ, ಅದರಾಚೆಗೂ ಬದುಕುತ್ತಿದ್ದಾರೆ. ಶ್ವಾಸಕೋಶ ಚೆನ್ನಾಗಿದೆಯಲ್ಲ, ಯಂತ್ರ ಯಾಕೆ ಅಂತ ಮನೆಯವರು ಕೇಳುತ್ತಾರೆ. ಶ್ವಾಸಕೋಶ ಚೆನ್ನಾಗಿರುವುದರಿಂದಲೇ ಯಂತ್ರದಿಂದ ಇಷ್ಟು ಪ್ರಯೋಜನ.

ಅಂಥ ಯಂತ್ರ ಇರುವ ಮನೆಯವರಿಗೆ ನಾನು ಹೇಳುವ ಮಾತು ಇಷ್ಟು. ಕೊಳ್ಳುವಾಗಲೇ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಕೇಳಿ, ಬರೆಸಿಕೊಳ್ಳಿ. ಮನೆಯ ಯುಪಿಎಸ್‌ಗೆ ಅದರ ತಂತಿ ಸೇರಿಸಿ, ಫ್ರಿಜ್ಜನ್ನು ತೆಗೆದುಹಾಕಿ. ವಿದ್ಯುತ್ ಇಲಾಖೆಯ ಶಾಖಾ ಕಚೇರಿಗೆ ಹೋಗಿ ಮನೆಯಲ್ಲಿ ಉಸಿರಿನ ಯಂತ್ರ ಇದೆ ಅಂತ ಅರ್ಜಿ ಕೊಡಿ, ಲೈನ್‌ಮನ್ ಫೋನ್ ನಂಬರು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಊರಾದರೆ ಆಂಬು ಬ್ಯಾಗ್ ಒಂದನ್ನು ತಂದಿಟ್ಟು, ಮನೆಯಲ್ಲಿ ಒಬ್ಬರಿಗಲ್ಲ, ಇಬ್ಬರಿಗಾದರೂ ಒತ್ತುವುದನ್ನು ಆಸ್ಪತ್ರೆಯಲ್ಲೇ ಕಲಿಸಿಕೊಡಿ ಅಂತ ಕೇಳಿ. ಕಲಿಯಲು ಅರ್ಧ ಗಂಟೆ ಸಾಕು. ಪಕ್ಕದ ಮನೆಯ ಕಾಲೇಜು ಹುಡುಗನೂ ಕಲಿತರೆ ಇನ್ನೂ ಒಳ್ಳೆಯದು.